ಏಳು ಗೆಲುವು, ಮೂವತ್ತಮೂರು ಸೋಲು

ಮೆಲ್ಬರ್ನಿನ ಪಶ್ಚಿಮ ಭಾಗದ ಸಭಾಂಗಣವೊಂದರಲ್ಲಿ ನಡೆದ ರಾಜ್ಯೋತ್ಸವ ಸಮಾರಂಭದಲ್ಲಿ ಹಿರಿಯರೊಬ್ಬರು ವೇದಿಕೆಯಿಂದ ಮಕ್ಕಳಿಗೆ ಬುದ್ಧಿವಾದ ಹೇಳುತ್ತಿದ್ದರು. ಜಗತ್ತು ಗೆದ್ದವರನ್ನಷ್ಟೇ ನೆನಪಿಡುತ್ತದೆ, ಸೋಲುವ ತಂಡದಲ್ಲಿ ಕಾಲ ಕಳೆಯಬೇಡಿ, ಗೆಲ್ಲುವ ಆಟವನ್ನೇ ಆರಿಸಿಕೊಳ್ಳಿ ಎಂಬುದು ಅವರ ಮಾತಿನ ಸಾರ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಊಟದ ಸಾಲು ಆಗಲೇ ಉದ್ದವಾಗಿತ್ತು, ಭಾಷಣ ಮುಗಿದದ್ದೇ ನನಗೆ ನೆಮ್ಮದಿಯ ಸಂಗತಿಯಾಗಿತ್ತು. ಆದರೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಕುಳಿತ ಮೇಲೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಆ ದಿನ ಹೇಳದೆ ಉಳಿದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನನಗೆ ಆ ಕ್ಷಣದಲ್ಲಿ ನೆನಪಾದದ್ದು ಬೇಸ್‌ಬಾಲ್ ತಂಡವೊಂದು. ಕನ್ನಡದ ಓದುಗರಲ್ಲಿ ಬಹುಮಂದಿ ಅದರ ಹೆಸರನ್ನೇ ಕೇಳಿರಲಾರರು: ಜೀಲಾಂಗ್-ಕೊರಿಯಾ. ಆಸ್ಟ್ರೇಲಿಯಾದ ವೃತ್ತಿಪರ ಬೇಸ್‌ಬಾಲ್ ಲೀಗಿಗೆ 2018ರಲ್ಲಿ ಎರಡು ಹೊಸ ತಂಡಗಳು ಸೇರಿದವು. ಒಂದು ನ್ಯೂಜಿಲೆಂಡಿನ ಆಕ್ಲೆಂಡಿನದು. ಇನ್ನೊಂದು ಮೆಲ್ಬರ್ನಿನಿಂದ ಸುಮಾರು 75 ಕಿಲೋಮೀಟರ್ ದೂರದ ಜೀಲಾಂಗಿನದು, ಆದರೆ ಅದರ ಆಟಗಾರರೆಲ್ಲ ದಕ್ಷಿಣ ಕೊರಿಯಾದವರು. ಆ ಋತುವಿನಲ್ಲಿ ಅವರು ಆಡಿದ್ದು 40 ಪಂದ್ಯ. ಗೆದ್ದದ್ದು 7, ಸೋತದ್ದು 33.

2019ರ ಜನವರಿಯ ಒಂದು ಸಂಜೆ ನಾನು ಆ ತಂಡದ ಆಟ ನೋಡಲು ಹೋಗಿದ್ದೆ. ಟಾರ್ನೀಟ್ ನಿಲ್ದಾಣದಲ್ಲಿ ವಿ-ಲೈನ್ ರೈಲು ಹತ್ತಿದರೆ ವಿಂಡಮ್ ವೇಲ್, ಲಿಟಲ್ ರಿವರ್, ಲಾರಾ ದಾಟಿ ಜೀಲಾಂಗ್ ಬರುತ್ತದೆ. ಟಾರ್ನೀಟ್ ಎಂದರೆ ನಮ್ಮವರ ಊರು. ಅಲ್ಲಿನ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಜೊತೆಗೆ ಬಂದಿದ್ದ ಮಂಡ್ಯ ಕಡೆಯ ಗೆಳೆಯರು ದಾರಿಯುದ್ದಕ್ಕೂ ನಗುತ್ತಲೇ ಇದ್ದರು. ಸೋಲುವುದು ಗೊತ್ತಿದ್ದೂ ನೋಡಲು ಹೋಗುವವರು ಎಂಥವರಯ್ಯಾ ಎಂದು ಕೇಳಿದರು. ಅವರ ಮೈಮೇಲಿದ್ದದ್ದು ಆರ್‌ಸಿಬಿಯ ಕೆಂಪು ಅಂಗಿ. ಅದನ್ನು ನೆನಪಿಸಿದಾಗ ರೈಲು ಲಾರಾ ತಲುಪುವವರೆಗೆ ಸುಮ್ಮನಿದ್ದರು.

ಮೈದಾನದಲ್ಲಿ ಜನ ಹೆಚ್ಚಿರಲಿಲ್ಲ. ಕೊರಿಯನ್ ಕುಟುಂಬಗಳು ಹೊದಿಕೆ ಹಾಸಿಕೊಂಡು ಕುಳಿತಿದ್ದವು. ಸ್ಥಳೀಯ ಮುದುಕರು ಮಡಚುವ ಕುರ್ಚಿಗಳಲ್ಲಿ ಒರಗಿದ್ದರು. ಬೇಲಿಯ ಬಳಿ ನಾಲ್ಕಾರು ಹುಡುಗರು ಪ್ರತಿಯೊಬ್ಬ ಆಟಗಾರನ ಹೆಸರನ್ನೂ ಕೊರಿಯನ್ ಉಚ್ಚಾರಣೆಯಲ್ಲೇ ಕೂಗುತ್ತಿದ್ದರು. ತಂಡ ಸೋತಿತು. ಸೋತ ಮೇಲೆ ಆಟಗಾರರು ಸಾಲಾಗಿ ನಿಂತು ಟೊಪ್ಪಿಗೆ ತೆಗೆದು, ಕುಳಿತಿದ್ದ ಅಷ್ಟೇ ಜನಕ್ಕೆ ತಲೆಬಾಗಿ ವಂದಿಸಿದರು. ಮಂಡ್ಯದ ಗೆಳೆಯರು ಎದ್ದು ನಿಂತದ್ದನ್ನು ನಾನು ಕಂಡೆ.

ಇವರು ಯಾರು? ಕೊರಿಯಾದ ವೃತ್ತಿಪರ ಲೀಗಿನಲ್ಲಿರುವುದು 10 ತಂಡಗಳು. ಪ್ರತಿವರ್ಷ ಶಾಲೆ-ಕಾಲೇಜುಗಳಿಂದ ಹೊರಬರುವ ಆಟಗಾರರಲ್ಲಿ ಸ್ಥೂಲವಾಗಿ ಹತ್ತರಲ್ಲಿ ಒಬ್ಬನಿಗೆ ಮಾತ್ರ ಆ ತಂಡಗಳಲ್ಲಿ ಜಾಗ ಸಿಗುತ್ತದೆ. ಉಳಿದವರು ಹತ್ತನೆಯ ವಯಸ್ಸಿನಿಂದ ಬೇರೇನನ್ನೂ ಕಲಿಯದೆ ದಿನವಿಡೀ ಚೆಂಡೆಸೆದವರು. ಅವರಿಗೆ ಇಪ್ಪತ್ತೆರಡನೆಯ ವಯಸ್ಸಿಗೇ ಬದುಕು ಮುಗಿದಂತೆ. ಜಾಗ ಸಿಕ್ಕವರಲ್ಲೂ ಅನೇಕರನ್ನು ಎರಡು-ಮೂರು ವರ್ಷದಲ್ಲಿ, ಭುಜ ನೋಯಿಸಿಕೊಂಡ ಕೂಡಲೇ, ಕೈಬಿಡುತ್ತಾರೆ. ಹೀಗೆ ಕೈಬಿಟ್ಟವರನ್ನು, ಜಾಗವೇ ಸಿಗದವರನ್ನು ಆಯ್ಕೆಶಿಬಿರ ನಡೆಸಿ ಒಟ್ಟುಗೂಡಿಸಿ ಕಟ್ಟಿದ ತಂಡ ಜೀಲಾಂಗ್-ಕೊರಿಯಾ. ಅವರಿಗೆ ಇದು ಎರಡನೆಯ ಅವಕಾಶ, ಕೆಲವರಿಗೆ ಕೊನೆಯದು. ಕೊರಿಯಾದಲ್ಲೇ ಇಂಥದೊಂದು ಪ್ರಯೋಗ ಮೊದಲು ನಡೆದಿತ್ತು. ಗೋಯಾಂಗ್ ವಂಡರ್ಸ್ ಎಂಬ ಆ ಸ್ವತಂತ್ರ ತಂಡ 2011ರಲ್ಲಿ ಹುಟ್ಟಿ 2014ರಲ್ಲಿ ಮುಚ್ಚಿಹೋಯಿತು.

ತಂಡದ ತರಬೇತುದಾರರು ಕೂ ದೇ-ಸಂಗ್. ಸಿಡ್ನಿಯ ಹಳಬರು ಈ ಹೆಸರನ್ನು ಮರೆತಿರಲಾರರು. 2000ದ ಒಲಿಂಪಿಕ್ಸಿನಲ್ಲಿ ಜಪಾನಿನ ವಿರುದ್ಧದ ಕಂಚಿನ ಪದಕದ ಪಂದ್ಯದಲ್ಲಿ ಒಂಬತ್ತೂ ಇನಿಂಗ್ಸ್ ತಾವೊಬ್ಬರೇ, 155 ಚೆಂಡುಗಳನ್ನು ಎಸೆದು ಕೊರಿಯಾಕ್ಕೆ ಗೆಲುವು ತಂದವರು ಅವರು. ಜಪಾನಿನಲ್ಲಿ ಆಡಿದರು, 2005ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಆಡಿದರು. ಆಮೇಲೆ ಸಿಡ್ನಿಗೆ ಬಂದು, 2010ರಲ್ಲಿ ಹೊಸದಾಗಿ ಆರಂಭವಾದ ಲೀಗಿನಲ್ಲಿ ಬ್ಲ್ಯಾಕ್‌ಟೌನಿನ ಸಿಡ್ನಿ ಬ್ಲೂ ಸಾಕ್ಸ್ ತಂಡದ ಪರವಾಗಿ ಚೆಂಡೆಸೆದರು. ಬ್ಲ್ಯಾಕ್‌ಟೌನ್ ಕೂಡ ಟಾರ್ನೀಟಿನಂತೆ ನಮ್ಮವರ ಊರೇ. ಆದರೂ ಅಲ್ಲಿಯ ಕನ್ನಡಿಗರನ್ನು ಕೇಳಿದರೆ ಆ ಮೈದಾನದ ದಾರಿ ಹೇಳಬಲ್ಲವರು ಕಡಿಮೆ.

ಈಗ ವಾದಕ್ಕೆ ಬರುತ್ತೇನೆ. ವೇದಿಕೆಯ ಹಿರಿಯರ ಬುದ್ಧಿವಾದದಲ್ಲಿ ಮೊದಲ ದೋಷವಿರುವುದು ನೀತಿಯಲ್ಲಲ್ಲ, ಲೆಕ್ಕದಲ್ಲಿ. ಎರಡು ತಂಡಗಳು ಆಡಿದರೆ ಒಂದು ಸೋಲಲೇಬೇಕು. ಎಂಟು ತಂಡಗಳ ಲೀಗಿನಲ್ಲಿ ಗೆಲುವುಗಳ ಒಟ್ಟು ಸಂಖ್ಯೆ ಎಷ್ಟೋ ಸೋಲುಗಳ ಸಂಖ್ಯೆಯೂ ಅಷ್ಟೇ. ಎಲ್ಲರೂ ಎಷ್ಟೇ ಬೆವರು ಸುರಿಸಿದರೂ, ಎಷ್ಟೇ ಪ್ರತಿಭಾವಂತರಾದರೂ, ಈ ಮೊತ್ತ ಬದಲಾಗದು. ಆ ಋತುವಿನಲ್ಲಿ ಬ್ರಿಸ್ಬೇನ್ ಬ್ಯಾಂಡಿಟ್ಸ್ ಸತತ ನಾಲ್ಕನೆಯ ಬಾರಿ ಪ್ರಶಸ್ತಿ ಗೆದ್ದರು. ಆ ಗೆಲುವಿನ ಲೆಕ್ಕದಲ್ಲಿ ಜೀಲಾಂಗಿನ ಹುಡುಗರ ಸೋಲೂ ಸೇರಿದೆ. ಸೋಲುವವನಿಲ್ಲದೆ ಪಂದ್ಯವಿಲ್ಲ, ಪಂದ್ಯವಿಲ್ಲದೆ ಟಿಕೇಟಿಲ್ಲ, ಪ್ರಸಾರವಿಲ್ಲ, ಜಾಹೀರಾತಿಲ್ಲ. ಗೆದ್ದವನ ಸಂಪಾದನೆಯಲ್ಲಿ ಸೋತವನ ದುಡಿಮೆಯ ಪಾಲಿದೆ ಎನ್ನುವುದಕ್ಕೆ ಯಾವ ಸಿದ್ಧಾಂತವೂ ಬೇಕಿಲ್ಲ, ಕೂಡುವ-ಕಳೆಯುವ ಲೆಕ್ಕ ಸಾಕು. ಹಾಗಿದ್ದೂ ಇಡೀ ಸಭೆಯ ಮಕ್ಕಳಿಗೆ 'ನೀವೆಲ್ಲ ಗೆಲ್ಲುವ ಕಡೆಯೇ ಇರಿ' ಎನ್ನುವುದು, ಅರ್ಧ ಮಕ್ಕಳಿಗೆ ಮೊದಲೇ ಸುಳ್ಳು ಹೇಳಿದಂತೆ.

ಅದರಲ್ಲೂ ಬೇಸ್‌ಬಾಲಿನ ವಿಷಯದಲ್ಲಿ ಈ ಮಾತು ವಿಚಿತ್ರವಾಗಿ ಕೇಳುತ್ತದೆ. ಹತ್ತು ಸಲ ದಾಂಡು ಹಿಡಿದು ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆದು ಬೇಸ್ ತಲುಪಿದವನನ್ನು ಆ ಆಟದಲ್ಲಿ ಶ್ರೇಷ್ಠನೆನ್ನುತ್ತಾರೆ. ಅಮೆರಿಕದ ಪ್ರಮುಖ ಲೀಗಿನಲ್ಲಿ ಇಡೀ ಋತುವಿಗೆ ಹತ್ತರಲ್ಲಿ ನಾಲ್ಕರ ಸರಾಸರಿ ಮುಟ್ಟಿದವರಲ್ಲಿ ಕೊನೆಯವರು ಟೆಡ್ ವಿಲಿಯಮ್ಸ್, ಅದೂ 1941ರಲ್ಲಿ. ಹೆಚ್ಚಿನ ಸಲ ವಿಫಲನಾಗುವುದನ್ನೇ ನಿತ್ಯದ ಕಸುಬಾಗಿ ಒಪ್ಪಿಕೊಂಡ ಆಟ ಇದು. ನಮ್ಮ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಆಟ ಇಲ್ಲವೆಂದು ನನಗನ್ನಿಸುವುದುಂಟು, ಆದರೆ ಅದು ಬೇರೆಯೇ ವಿಷಯ.

ಸೋಲಿಗೆ ಬೆಲೆ ತೆರಬೇಕಲ್ಲವೇ, ಇಲ್ಲದಿದ್ದರೆ ಆಟದ ಗುಣಮಟ್ಟ ಏನಾದೀತು ಎಂದು ಕೇಳುವವರಿದ್ದಾರೆ. ತೆರಬೇಕು, ಒಪ್ಪುತ್ತೇನೆ. ನನ್ನ ಪ್ರಶ್ನೆ ಒಂದೇ: ತೆರುವವರು ಯಾರು? ಆಸ್ಟ್ರೇಲಿಯಾದ ಬೇಸ್‌ಬಾಲಿನ ಇತಿಹಾಸವೇ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. 1888ರ ಕೊನೆಯಲ್ಲಿ ಅಮೆರಿಕದ ಕ್ರೀಡಾಸಾಮಗ್ರಿ ವ್ಯಾಪಾರಿ ಸ್ಪಾಲ್ಡಿಂಗ್ ತನ್ನ ಆಟಗಾರರ ತಂಡಗಳನ್ನು ಸಿಡ್ನಿಗೆ, ಮೆಲ್ಬರ್ನಿಗೆ ಕರೆತಂದ. ಆಟದ ಪ್ರಚಾರದ ಜೊತೆಗೆ ಆತನಿಗೆ ತನ್ನ ಸರಕಿಗೆ ಮಾರುಕಟ್ಟೆಯೂ ಬೇಕಿತ್ತು. 1956ರ ಒಲಿಂಪಿಕ್ಸಿನಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಪ್ರದರ್ಶನಕ್ಕೆಂದು ಆಡಿದ ಪಂದ್ಯವನ್ನು ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿದರೆಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಜನರಲ್ಲಿ ಹೆಚ್ಚಿನವರು ಬಂದಿದ್ದದ್ದು ಓಟದ ಸ್ಪರ್ಧೆಗಳಿಗೆ. 1989ರಲ್ಲಿ ಹುಟ್ಟಿದ ಮೊದಲ ವೃತ್ತಿಪರ ಲೀಗು ಹತ್ತು ವರ್ಷದಲ್ಲಿ ಸಾಲದಲ್ಲಿ ಮುಳುಗಿತು. 2010ರಲ್ಲಿ ಎರಡನೆಯ ಲೀಗು ಹುಟ್ಟಿದಾಗ ಅದರ ಶೇ. 75 ಪಾಲು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನದು. ತಮ್ಮ ಚಳಿಗಾಲದಲ್ಲಿ ತಮ್ಮ ಎಳೆಯ ಆಟಗಾರರನ್ನು ಪಳಗಿಸಲು ಅವರಿಗೆ ಒಂದು ಬೇಸಿಗೆಯ ನಾಡು ಬೇಕಿತ್ತು. 2016ರಲ್ಲಿ ಅವರು ಕೈತೊಳೆದುಕೊಂಡು ಹೊರನಡೆದರು. ಜಗತ್ತಿನ ಅತ್ಯಂತ ಶ್ರೀಮಂತ ಕ್ರೀಡಾಸಂಸ್ಥೆಗಳಲ್ಲೊಂದು ಹೀಗೆ ಹಿಂದೆ ಸರಿದಾಗ ಅದನ್ನು ಯಾರೂ ಸೋಲೆನ್ನಲಿಲ್ಲ. ಅದಕ್ಕೆ 'ವ್ಯಾವಹಾರಿಕ ನಿರ್ಧಾರ' ಎಂಬ ಗೌರವದ ಹೆಸರಿತ್ತು. ಸೋಲೆಂಬ ಹೆಸರು ಮೀಸಲಿರುವುದು ಆಡಿದವನಿಗೆ ಮಾತ್ರ.

ಆಮೇಲೆ ಉಳಿದದ್ದು ಏನು? ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಪಂದ್ಯಗಳ ಸರಣಿ, ವಾರದ ಉಳಿದ ದಿನ ಬೇರೆ ಕೆಲಸ. ಸಿಡ್ನಿ ಬ್ಲೂ ಸಾಕ್ಸ್ ಇರಲಿ, ಮೆಲ್ಬರ್ನಿನ ಆಲ್ಟೋನದಲ್ಲಿ ಆಡುತ್ತಿದ್ದ ಏಸಸ್ ಇರಲಿ, ಸ್ಥಳೀಯ ಆಟಗಾರರಲ್ಲಿ ಬಹುಪಾಲು ಜನ ಆಟದ ಸಂಪಾದನೆಯಿಂದಲೇ ಬದುಕಿದವರಲ್ಲ. ಅದೇ ಬ್ಲೂ ಸಾಕ್ಸ್ ಪರ ಎಳೆಯ ವಯಸ್ಸಿನಲ್ಲಿ ಆಡಿದ ಸಿಡ್ನಿಯ ಹುಡುಗ ಟ್ರಾವಿಸ್ ಬಜಾನಾ 2024ರಲ್ಲಿ ಅಮೆರಿಕದ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಸಹಿ ಹಾಕಿದ್ದಕ್ಕೆ ಅವನಿಗೆ ಸಿಕ್ಕ ಹಣ ಸುಮಾರು 90 ಲಕ್ಷ ಡಾಲರ್. ಅವನ ಬಗ್ಗೆ ನನಗೆ ಹೊಟ್ಟೆಯುರಿಯಿಲ್ಲ, ಪಡೆಯಲಿ. ಆದರೆ ಅವನಿಗೆ ಎದುರಾಳಿಯಾಗಿ ಚೆಂಡೆಸೆದು ಅವನನ್ನು ಪಳಗಿಸಿದವರು ವಾರದ ದಿನಗಳಲ್ಲಿ ಗಾರೆ ಕೆಲಸಕ್ಕೋ ಗೋದಾಮಿಗೋ ಹೋಗುತ್ತಿದ್ದವರು. ಅವರ ಪಾಲಿನದು ಯಾವ ಕಂಪನಿಯ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇದು ಆಸ್ಟ್ರೇಲಿಯಾದ ಬಡತನದಿಂದಾದದ್ದೆಂದು ತಿಳಿಯಬೇಡಿ. ಮೂಲದಲ್ಲೇ ಹೀಗಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1922ರಲ್ಲಿ ಬೇಸ್‌ಬಾಲನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಹೊರಗಿಟ್ಟಿತು. 2018ರಲ್ಲಿ, ಜೀಲಾಂಗಿನ ತಂಡ ಹುಟ್ಟಿದ ವರ್ಷವೇ, ಅಲ್ಲಿನ ಸಂಸತ್ತು ಕೆಳಹಂತದ ಆಟಗಾರರನ್ನು ಕನಿಷ್ಠ ಕೂಲಿಯ ಮುಖ್ಯ ರಕ್ಷಣೆಗಳಿಂದಲೇ ಹೊರಗಿಡುವ ಕಾಯಿದೆ ಮಾಡಿತು. ಆ ಕಾಯಿದೆಯ ಹೆಸರು ಕೇಳಿ: 'ಅಮೆರಿಕದ ಆಟವನ್ನು ಉಳಿಸುವ ಕಾಯಿದೆ'. ಕೂಲಿಯವನ ಊಟ ಕಸಿಯುವ ಕೆಲಸಕ್ಕೆ ದೇಶಭಕ್ತಿಯ ಹೆಸರಿಡುವುದನ್ನು ಅವರು ನಮ್ಮಿಂದ ಕಲಿತರೋ ನಾವು ಅವರಿಂದ ಕಲಿತೆವೋ ತಿಳಿಯದು. ಆ ಆಟಗಾರರು ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ 18.5 ಕೋಟಿ ಡಾಲರ್ ಪರಿಹಾರದ ರಾಜಿ ಗಿಟ್ಟಿಸಿದರು, ಅದೇ ವರ್ಷ ಸಂಘ ಕಟ್ಟಿದರು. 2023ರ ಮೊದಲ ಒಪ್ಪಂದದಲ್ಲಿ ಕೆಳಹಂತದವರ ವಾರ್ಷಿಕ ವೇತನ 11,000 ಡಾಲರಿನಿಂದ 26,200ಕ್ಕೆ ಏರಿತು. ಅವರಲ್ಲಿ ಯಾರ ಬ್ಯಾಟಿಂಗ್ ಸರಾಸರಿಯೂ ಆ ಒಪ್ಪಂದದಿಂದ ಏರಿರಲಿಲ್ಲ, ಬದಲಾದದ್ದು ಬಲದ ಸಮತೋಲನ.

ಇನ್ನು ಜೀಲಾಂಗ್. ತಂಡ ಆ ಊರಿಗೇ ಬಂದದ್ದು ಆಕಸ್ಮಿಕವಿರಬಹುದು, ಆದರೆ ಅರ್ಥಗರ್ಭಿತವಾದ ಆಕಸ್ಮಿಕ. ಫೋರ್ಡ್ ಕಂಪನಿ 1925ರಿಂದ ಆ ಊರಿನಲ್ಲಿತ್ತು. ತಲೆಮಾರುಗಳ ವಲಸಿಗರು ಆ ಕಾರ್ಖಾನೆಯಲ್ಲಿ ದುಡಿದರು. 2014ರಲ್ಲಿ ಪಾಯಿಂಟ್ ಹೆನ್ರಿಯ ಅಲ್ಯುಮಿನಿಯಂ ಕುಲುಮೆ ಆರಿತು, 2016ರ ಅಕ್ಟೋಬರಿನಲ್ಲಿ ಫೋರ್ಡ್ ಕೂಡ ಬಾಗಿಲು ಹಾಕಿತು. ಕೈಬಿಟ್ಟ ಊರಿಗೆ ಎರಡು ವರ್ಷದ ನಂತರ ಕೈಬಿಟ್ಟ ಆಟಗಾರರು ಬಂದಿಳಿದರು. ಬೇಲಿಯ ಬಳಿಯ ಹುಡುಗರು ಆ ಅಪರಿಚಿತ ಹೆಸರುಗಳನ್ನು ಅಷ್ಟು ಕಾಳಜಿಯಿಂದ ಕೂಗುತ್ತಿದ್ದದ್ದು ಏಕೆಂದು ನನಗೆ ಆಮೇಲೆ ಹೊಳೆಯಿತು. ತಪ್ಪಾಗಿ ಹೊಳೆದಿರಲೂಬಹುದು. ಹುಡುಗರು ಹುಡುಗರೇ, ಕೂಗುವುದು ಅವರಿಗೆ ಖುಷಿ.

ಇನ್ನೊಂದು ಸಂಗತಿ. ಇದೇ ದೇಶದಲ್ಲಿ ಗ್ರೀಕರು, ಕ್ರೊಯೇಷಿಯನ್ನರು, ಇಟಾಲಿಯನ್ನರು ಕಟ್ಟಿದ ಫುಟ್‌ಬಾಲ್ ತಂಡಗಳಿದ್ದವು. ಮೆಲ್ಬರ್ನಿನಲ್ಲಿ ಸೌತ್ ಮೆಲ್ಬರ್ನ್ ಹೆಲಾಸ್, ಸಿಡ್ನಿಯಲ್ಲಿ ಮಾರ್ಕೋನಿ. ಹಳೆಯ ರಾಷ್ಟ್ರೀಯ ಲೀಗು 2004ರಲ್ಲಿ ಮುಚ್ಚಿದಾಗ, ಮರುವರ್ಷ ಬಂದ ಹೊಸ ಲೀಗಿನಲ್ಲಿ ಅವುಗಳಿಗೆ ಜಾಗವಿರಲಿಲ್ಲ. 2014ರಲ್ಲಿ ಹೊಸ ತಂಡಗಳ ಹೆಸರಿನಲ್ಲಿ, ಲಾಂಛನದಲ್ಲಿ ಜನಾಂಗದ ಗುರುತೇ ಇರಕೂಡದೆಂಬ ನಿಯಮ ಮಾಡಿದರು. 2019ರವರೆಗೆ ಅದು ಜಾರಿಯಲ್ಲಿತ್ತು. ಅಂದರೆ, ಇಲ್ಲೇ ದುಡಿದು ಇಲ್ಲೇ ಮಣ್ಣಾದವರು ತಮ್ಮ ತಂಡಕ್ಕೆ ತಮ್ಮ ಹೆಸರಿಟ್ಟರೆ ಅದು ವಿಭಜನೆ. ಹೊರದೇಶದ ಕಂಪನಿಯೊಂದು ಹಣ, ಪ್ರಸಾರದ ಹಕ್ಕು ಹಿಡಿದು ಬಂದು 'ಕೊರಿಯಾ' ಎಂದು ಹೆಸರಿಟ್ಟರೆ ಅದು ಬಹುಸಂಸ್ಕೃತಿಯ ಹಬ್ಬ. ಆಟ ಬೇರೆ, ಆಡಳಿತ ಮಂಡಳಿ ಬೇರೆ, ನಿಜ. ಆದರೆ ದೇಶ ಒಂದೇ. ವಲಸಿಗನ ಗುರುತು ಯಾವಾಗ ಸಹ್ಯವಾಗುತ್ತದೆ, ಯಾವಾಗ ಅಸಹ್ಯವಾಗುತ್ತದೆ ಎಂಬುದನ್ನು ನಿರ್ಧರಿಸುವ ಗಂಟೆ ಎಲ್ಲಿ ಬಾರಿಸುತ್ತದೆಂದು ನಾವು ಕಿವಿಗೊಟ್ಟು ಕೇಳಬೇಕು.

ಇದರಲ್ಲಿ ನಮ್ಮದೇನು ಎಂದು ಕೇಳುವಿರಾ? ನಾವು ಈ ದೇಶಕ್ಕೆ ಬಂದದ್ದು ಅಂಕಪಟ್ಟಿಯ ಮೂಲಕ. 2018ರ ಜುಲೈಯಲ್ಲಿ ಕುಶಲ ವಲಸೆಯ ಕನಿಷ್ಠ ಅಂಕವನ್ನು 60ರಿಂದ 65ಕ್ಕೆ ಏರಿಸಿದರು. ವಯಸ್ಸು 25ರಿಂದ 32ರೊಳಗಿದ್ದರೆ 30 ಅಂಕ, ನಲವತ್ತು ದಾಟಿದರೆ 15, ನಲವತ್ತೈದಾದರೆ ಬಾಗಿಲೇ ಇಲ್ಲ. ಇಂಗ್ಲಿಷಿಗೆ ಇಷ್ಟು, ಅನುಭವಕ್ಕೆ ಇಷ್ಟು. ಈ ಪಟ್ಟಿಯಲ್ಲಿ ಪಾಸಾದ ನಾವು ಅದನ್ನು ನಮ್ಮ ಯೋಗ್ಯತೆಯ ಪ್ರಮಾಣಪತ್ರವೆಂದು ಚೌಕಟ್ಟು ಹಾಕಿ ಮನಸ್ಸಿನ ಗೋಡೆಗೆ ತೂಗುಹಾಕಿಕೊಂಡಿದ್ದೇವೆ. ಐದು ಅಂಕ ಕಡಿಮೆಯಾಗಿ ಹಿಂದಿರುಗಿದವನು ನಮ್ಮಷ್ಟೇ ಓದಿದವನು, ನಮ್ಮ ಪಕ್ಕದ ಬೆಂಚಿನವನು. ಅವನು ಸೋತದ್ದು ಗೆರೆಯನ್ನು ಸರಿಸಿದ್ದರಿಂದ. ಒಳಬಂದವರಲ್ಲೂ ಎಷ್ಟು ಮಂದಿ ಎಂಜಿನಿಯರಿಂಗ್ ಪದವಿ ಇಟ್ಟುಕೊಂಡು ರಾತ್ರಿಪಾಳಿಯಲ್ಲಿ ಟ್ಯಾಕ್ಸಿ ಓಡಿಸುತ್ತಿಲ್ಲ? ಅವರನ್ನು ನಮ್ಮ ಸಮಾರಂಭದ ವೇದಿಕೆಗೆ ಕರೆದದ್ದನ್ನು ನಾನಂತೂ ಕಂಡಿಲ್ಲ. ಊಟ ಬಡಿಸಲು ಕರೆಯುತ್ತೇವೆ. ನಮ್ಮ ಸಂಘಗಳ ಸನ್ಮಾನಪಟ್ಟಿಯೂ ಒಂದು ಲೀಗ್ ಪಟ್ಟಿಯೇ.

ಮೀಸಲಾತಿಯ ವಿರುದ್ಧ ಅನಿವಾಸಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿಯುವ ರೋಷಕ್ಕೂ, ಸೋಲುವ ತಂಡವನ್ನು ಮುಚ್ಚಿರೆಂಬ ಮಾತಿಗೂ ಇರುವ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ತಾಯಿ ಒಬ್ಬಳೇ: ಪಟ್ಟಿಯ ಮೇಲಿರುವವನು ಸ್ವಂತ ಶಕ್ತಿಯಿಂದ ಮೇಲೇರಿದ, ಕೆಳಗಿರುವವನು ಸ್ವಂತ ದೋಷದಿಂದ ಕೆಳಗಿಳಿದ ಎಂಬ ನಂಬಿಕೆ.

ಹೀಗೆಂದು ಪ್ರಗತಿಪರರಾದ ನಮ್ಮನ್ನು ನಾವು ಬಿಟ್ಟುಕೊಡಲಾಗದು. ಕ್ರೀಡೆ ಎಂದರೆ ಜನರನ್ನು ಮೈಮರೆಸುವ ಮದ್ದು ಎಂದು ಮೂಗು ಮುರಿದು, ಸಾಹಿತ್ಯಗೋಷ್ಠಿಗೆ ನಡೆದುಬಿಡುವುದು ನಮ್ಮ ಚಾಳಿ. ಟ್ರಿನಿಡಾಡಿನ ಮಾರ್ಕ್ಸ್‌ವಾದಿ ಸಿ. ಎಲ್. ಆರ್. ಜೇಮ್ಸ್ 1963ರಲ್ಲೇ ಕ್ರಿಕೆಟ್ಟಿನ ಬಗ್ಗೆ 'ಬಿಯಾಂಡ್ ಎ ಬೌಂಡರಿ' ಬರೆದು, ವಸಾಹತುಶಾಹಿಯ ಅಂತರಂಗ ಮೈದಾನದಲ್ಲಿ ಹೇಗೆ ಬಯಲಾಗುತ್ತದೆಂದು ತೋರಿಸಿದ್ದರು. ನಾವು ಆ ಪುಸ್ತಕವನ್ನು ಉದ್ಧರಿಸುತ್ತೇವೆ, ಮೈದಾನಕ್ಕೆ ಹೋಗುವುದಿಲ್ಲ. ಆಟಗಾರನನ್ನು ದುಡಿಯುವವನೆಂದು ಕಾಣಲು ನಮಗೆ ಏನೋ ಸಂಕೋಚ.

ಕನ್ನಡಿಗರಿಗೆ ಸೋಲುವ ತಂಡವನ್ನು ಪ್ರೀತಿಸುವುದು ಗೊತ್ತಿಲ್ಲವೆಂದಲ್ಲ. 2008ರಿಂದ ಕಾಯುತ್ತ, 'ಈ ಸಲ ಕಪ್ ನಮ್ದೇ' ಎನ್ನುತ್ತ, ಮೂರು ಫೈನಲ್ ಸೋತು, 2017ರಲ್ಲಿ ಕೋಲ್ಕತ್ತದ ವಿರುದ್ಧ 49ಕ್ಕೆ ಎಲ್ಲರೂ ಔಟಾದದ್ದನ್ನೂ ನುಂಗಿಕೊಂಡು ಬಂದವರು ನಾವು. ಮೊದಲ ಕಪ್ ತಂದದ್ದು 2024ರಲ್ಲಿ ಸ್ಮೃತಿ ಮಂಧಾನಾ ನೇತೃತ್ವದ ಹೆಣ್ಣುಮಕ್ಕಳು. ಅದನ್ನು ಪೂರ್ತಿ ಕಪ್ ಎಂದು ಲೆಕ್ಕಕ್ಕೆ ಹಿಡಿಯದವರೂ ನಾವೇ. 2025ರ ಜೂನ್ 3ರಂದು ಗಂಡಸರ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು, ಬಹುತೇಕ ಎಳೆಯರು. ಹದಿನೇಳು ವರ್ಷದ ಸೋಲು ಒಬ್ಬನನ್ನೂ ಕೊಂದಿರಲಿಲ್ಲ. ಗೆಲುವಿನ ಮೆರವಣಿಗೆಗೆ ಆತುರಪಟ್ಟವರು ಯಾರು, ಗೆದ್ದ ತಂಡದ ಬೆಳಕಿನಲ್ಲಿ ತಮ್ಮ ಮುಖ ಕಾಣಿಸಿಕೊಳ್ಳಲು ನೂಕಾಡಿದವರು ಯಾರು ಎಂಬುದನ್ನು ಬೆಂಗಳೂರು ಬಲ್ಲದು. ಆ ದಿನ ಸಿಡ್ನಿಯ, ಮೆಲ್ಬರ್ನಿನ ನಮ್ಮ ಗುಂಪುಗಳಲ್ಲಿ ಮೊದಲು ಬಂದದ್ದು ಪಟಾಕಿಯ ಚಿತ್ರ, ಆಮೇಲೆ ಶೋಕದ ಚಿತ್ರ, ಸಂಜೆಗೆ ಮತ್ತೆ ಕಪ್ಪಿನ ಚಿತ್ರ.

ಸೋತರೂ ಉಳಿಯುವ ತಂಡಗಳಿಲ್ಲವೇ? ಇವೆ. ಪಶ್ಚಿಮ ಸಿಡ್ನಿಯ ಸಿಡ್ನಿ ಥಂಡರ್ ಕ್ರಿಕೆಟ್ ತಂಡ ತನ್ನ ಆರಂಭದ ವರ್ಷಗಳಲ್ಲಿ ಸತತ 19 ಪಂದ್ಯ ಸೋತಿತ್ತು. 2012-13ರಲ್ಲಿ ಆಡಿದ ಎಂಟಕ್ಕೆ ಎಂಟನ್ನೂ ಸೋತಿತು. 2016ರ ಜನವರಿಯಲ್ಲಿ ಅದೇ ತಂಡ ಮೆಲ್ಬರ್ನ್ ಮೈದಾನದಲ್ಲಿ ಪ್ರಶಸ್ತಿ ಗೆದ್ದಿತು. ಮತ್ತೆ 2022ರ ಡಿಸೆಂಬರ್ 16ರಂದು ಸಿಡ್ನಿ ಶೋಗ್ರೌಂಡಿನಲ್ಲಿ ಅಡಿಲೇಡಿನ ವಿರುದ್ಧ ಆರು ಓವರ್ ಕೂಡ ಪೂರ್ತಿಯಾಗದೆ 15 ರನ್ನಿಗೆ ಕುಸಿಯಿತು. ಗಂಡಸರ ಟಿ-20ಯಲ್ಲಿ ಅಲ್ಲಿಯವರೆಗಿನ ಅತ್ಯಂತ ಕಡಿಮೆ ಮೊತ್ತ ಅದು. ಆದರೂ ಆ ಋತುವಿನಲ್ಲೇ ಅಂತಿಮ ಘಟ್ಟ ತಲುಪಿತು. ಥಂಡರ್ ಆಟಗಾರರು ಜೀಲಾಂಗಿನವರಿಗಿಂತ ಹೆಚ್ಚು ಧೀರರೇನಲ್ಲ. ಆ ತಂಡ ಕ್ರಿಕೆಟ್ ಸಂಸ್ಥೆಯ ಒಡೆತನದಲ್ಲಿತ್ತು, ಬೆನ್ನಿಗೆ 2018ರಲ್ಲಿ ಆದ ನೂರು ಕೋಟಿ ಡಾಲರಿಗೂ ಮೀರಿದ ಪ್ರಸಾರ ಒಪ್ಪಂದವಿತ್ತು. 15ಕ್ಕೆ ಔಟಾದವರಿಗೂ ಮರುದಿನ ಒಪ್ಪಂದದಂತೆ ಸಂಬಳ ಬರುತ್ತಿತ್ತು.

ಆ ಸಂಬಳವೂ ಯಾರೋ ದಯೆಯಿಂದ ಕೊಟ್ಟದ್ದಲ್ಲ. 2017ರಲ್ಲಿ ಕ್ರಿಕೆಟ್ ಆಸ್ಟ್ರೇಲಿಯಾ ಆದಾಯ ಹಂಚಿಕೆಯಿಂದ ದೇಶೀಯ ಆಟಗಾರರನ್ನು ಹೊರಗಿಡಲು ಹೊರಟಿತು. ತಾರೆಗಳಿಗೆ ಪಾಲು ಉಂಟು, ಕೆಳಗಿನವರಿಗೆ ಇಲ್ಲ ಎಂಬ ಆಮಿಷ. ತಾರೆಗಳು ಒಪ್ಪಲಿಲ್ಲ. ಜೂನ್ 30ಕ್ಕೆ ಒಪ್ಪಂದ ಮುಗಿದು ಸುಮಾರು 230 ಆಟಗಾರರು ನಿರುದ್ಯೋಗಿಗಳಾದರು. ಆಸ್ಟ್ರೇಲಿಯಾ 'ಎ' ತಂಡ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೋಗಲು ನಿರಾಕರಿಸಿತು. ಆಗಸ್ಟ್ ಮೊದಲ ವಾರದಲ್ಲಿ ಆಡಳಿತ ಮಣಿಯಿತು, ಮಹಿಳಾ ಆಟಗಾರರೂ ಪಾಲುದಾರರಾದರು. ಡೇವಿಡ್ ವಾರ್ನರನ ಬಗ್ಗೆ ನನಗೆ ಹೆಚ್ಚಿನ ಅಭಿಮಾನವಿಲ್ಲ. ಆದರೆ ಆ ಐದು ವಾರ ಆತ ಮಾತಾಡಿದ್ದು ಪಟ್ಟಿಯ ಕೆಳಗಿರುವವರ ಪರವಾಗಿ ಎಂಬುದನ್ನು ಮುಚ್ಚಿಡಲಾರೆ.

ಈಗ ಆ ಏರ್ಪಾಡಿಗೂ ಕುತ್ತು ಬರುತ್ತಿದೆ. 2025ರಲ್ಲಿ ಇಂಗ್ಲೆಂಡಿನ ಹಂಡ್ರೆಡ್ ತಂಡಗಳ ಪಾಲುಗಳನ್ನು ಮಾರಿದರು, ಕೊಂಡವರಲ್ಲಿ ಐಪಿಎಲ್ ತಂಡಗಳ ಒಡೆಯರೂ ಇದ್ದಾರೆ. ಇಲ್ಲಿಯೂ ಬಿಗ್ ಬ್ಯಾಷ್ ತಂಡಗಳನ್ನು ಖಾಸಗಿಯವರಿಗೆ ಕೊಡುವ ಚರ್ಚೆ ಎದ್ದಿದೆ. ನಮ್ಮವರಲ್ಲಿ ಕೆಲವರು ಪುಳಕಿತರಾಗಿದ್ದಾರೆ, ಭಾರತದ ಬಂಡವಾಳ ಬರುತ್ತದೆ, ನಮ್ಮ ಮರ್ಯಾದೆ ಹೆಚ್ಚುತ್ತದೆ ಎಂದು. ಬಂದ ಬಂಡವಾಳ ಒಂದು ಕೆಟ್ಟ ಋತುವಿನ ನಂತರ ಹೇಗೆ ಹೋಗುತ್ತದೆಂದು ತಿಳಿಯಲು ಅವರು ಒಮ್ಮೆ ಜೀಲಾಂಗ್ ರೈಲು ಹತ್ತಬೇಕು. ಬ್ಲ್ಯಾಕ್‌ಟೌನಿನ ಬೇಸ್‌ಬಾಲ್ ಮೈದಾನ ಸಿಡ್ನಿ ಒಲಿಂಪಿಕ್ಸಿಗಾಗಿ ಜನರ ದುಡ್ಡಿನಲ್ಲಿ ಸಿದ್ಧವಾದ ಕ್ರೀಡಾಂಗಣಗಳ ಸಾಲಿನದು. ಜನರ ನೆಲದಲ್ಲಿ ಆಡಿಸುವವರು ಜನರಿಗೆ ಕೆಲವು ಮಾತು ಕೊಡಲೇಬೇಕು: ಫಲಿತಾಂಶ ಏನೇ ಇರಲಿ ಇಡೀ ಋತುವಿಗೆ ಕಾನೂನುಬದ್ಧ ಕನಿಷ್ಠ ವೇತನ, ಗಾಯಗೊಂಡವನಿಗೆ ಆಟ ಬಿಟ್ಟ ಮೇಲೂ ಚಿಕಿತ್ಸೆ, ಹೊರದೇಶದಿಂದ ಕರೆತಂದ ಆಟಗಾರನಿಗೆ ಅವನ ಭಾಷೆಯಲ್ಲಿ ಬರೆದ ಕರಾರು, ತಂಡ ಮುಚ್ಚಿದರೆ ಒಡೆಯನಿಗಿಂತ ಮೊದಲು ಆಟಗಾರನ ಬಾಕಿ. ತಾತ್ಕಾಲಿಕ ವೀಸಾದಲ್ಲಿ ಬಂದು ಹಣ್ಣು ಕೀಳುವವರಿಗೂ ಇದೇ ಬೇಡಿಕೆ ಅನ್ವಯಿಸುತ್ತದೆ. ಟೊಪ್ಪಿಗೆ ಬೇರೆ, ಬೆವರು ಒಂದೇ.

ಜೀಲಾಂಗ್-ಕೊರಿಯಾ ಕೋವಿಡ್ ಕಾಲದಲ್ಲಿ ನಿಂತು, 2022-23ರಲ್ಲಿ ಒಮ್ಮೆ ಮರಳಿ ಬಂತು. 2023-24ರಲ್ಲಿ ಲೀಗು ಆರೇ ತಂಡಗಳಿಗೆ ಇಳಿದಾಗ ಅದರ ಹೆಸರಿರಲಿಲ್ಲ, ಆಕ್ಲೆಂಡಿನದೂ ಇರಲಿಲ್ಲ. ಆ 33 ಸೋಲುಗಳ ಋತುವಿನ ಕೊನೆಯ ದಿನಗಳಲ್ಲಿ ಒಂದು ಘಟನೆ ನಡೆಯಿತು. ಬ್ರಿಸ್ಬೇನಿನ ವಿರುದ್ಧದ ಪಂದ್ಯದಲ್ಲಿ, ತರಬೇತುದಾರ ಕೂ ದೇ-ಸಂಗ್ ತಾವೇ ಕೈಗವಸು ತೊಟ್ಟು ಮೈದಾನಕ್ಕಿಳಿದರು. ಆಗ ಅವರಿಗೆ 49 ವರ್ಷ, ನಮ್ಮ ಅಂಕಪಟ್ಟಿಯ ಪ್ರಕಾರ ಬಾಗಿಲು ಮುಚ್ಚಿ ನಾಲ್ಕು ವರ್ಷವಾಗಿತ್ತು. ಹದಿನೆಂಟು ವರ್ಷದ ಹಿಂದೆ ಅವರು 155 ಚೆಂಡೆಸೆದ ಒಲಿಂಪಿಕ್ಸ್ ಮೈದಾನವೇ ಈಗಿನ ಸಿಡ್ನಿ ಶೋಗ್ರೌಂಡ್, ಥಂಡರ್ 15ಕ್ಕೆ ಕುಸಿದ ಜಾಗ. ಜೀಲಾಂಗಿನ ಪರವಾಗಿ ಅವರು ಒಂದು ಇನಿಂಗ್ಸ್ ಎಸೆದರು, ಒಂದು ರನ್ನೂ ಕೊಡಲಿಲ್ಲ. ನಂತರ ಬೆಂಚಿಗೆ ಮರಳಿ ತಮ್ಮ ಹುಡುಗರ ನಡುವೆ ಕುಳಿತುಕೊಂಡರು.